ಕೋತ್‌ಗೆ ಬಂದ ಮೇಲೆ ಬಂತು ಅನ್ನಿ: ಸೇನೆಯ ಖರೀದಿ ಸುದ್ದಿಗೆ ವಹಿ ಇಡುವ ಬಗೆ

“ಕಾಕಾ, ಬಂತಲ್ರೀ ಹೊಸ ರೈಫಲ್! ಇನ್ನ ನಮ್ಮ ಜವಾನರ ಕೈಯಾಗ ಎಲ್ಲಾ ಎಕೆ-203.”

2019ರ ಮಾರ್ಚ್ ತಿಂಗಳು. ನಮ್ಮ ಓಣಿಯ ಹುಡುಗ ಪೇಪರ್ ಹಿಡಿದುಕೊಂಡು ಓಡಿ ಬಂದಿದ್ದ. ಆಗ ಎಂಟನೇ ಕ್ಲಾಸು. ಪೇಪರ್‌ನಲ್ಲಿ ಇದ್ದದ್ದು ಉತ್ತರ ಪ್ರದೇಶದ ಅಮೇಠಿ ಹತ್ತಿರದ ಕೋರ್ವಾದಲ್ಲಿ ರೈಫಲ್ ಕಾರ್ಖಾನೆ ಉದ್ಘಾಟನೆಯ ಸುದ್ದಿ. ನಾನು ಸುಮ್ನೆ ನಕ್ಕು ಚಹಾ ಕೊಟ್ಟು ಕಳಿಸಿದೆ. ಆ ಕಾರ್ಖಾನೆಯಲ್ಲಿ ಮೊದಲ 5,000 ರೈಫಲ್ ತಯಾರಾದ ಸುದ್ದಿ ಬಂದದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ಹುಡುಗ ಪಿಯುಸಿ ಎರಡನೇ ವರ್ಷಕ್ಕೆ ಬಂದಿದ್ದ, ಮೀಸೆ ಮೂಡಿತ್ತು.

ಈಗ ಅವನು ಡಿಗ್ರಿ ಮುಗಿಸುತ್ತಾ ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ತಯಾರಿ ನಡೆಸಿದ್ದಾನೆ. ಗುಂಪು ಚರ್ಚೆಯಲ್ಲಿ “ಸೇನೆಯ ಆಧುನೀಕರಣ” ಅಂತ ವಿಷಯ ಕೊಟ್ಟರೆ ಏನು ಮಾತಾಡಲಿ ಅಂತ ಕೇಳಿದ. ಅವನಿಗೆ ನನ್ನ ವಹಿ ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೂ ಆದೀತು, ಸಂಜೆ ಚಹಾ ಅಂಗಡಿಯಲ್ಲಿ ವಾದ ಮಾಡುವವರಿಗೂ ಆದೀತು.

ನನ್ನ ಪರಿಚಯ ಒಂದೆರಡು ಮಾತಲ್ಲಿ. 24 ವರ್ಷ ಪದಾತಿ ದಳದಲ್ಲಿದ್ದೆ, ಮರಾಠಾ ಲೈಟ್ ಇನ್ಫಂಟ್ರಿ. ತರಬೇತಿ ಆದದ್ದು ಇಲ್ಲೇ, ಬೆಳಗಾವಿಯ ಸೆಂಟರ್‌ನಲ್ಲಿ. ಹವಾಲ್ದಾರ್ ಆಗಿ 2018ರಲ್ಲಿ ಮನೆಗೆ ಬಂದೆ. ಕೊನೆಯ ಕೆಲವು ವರ್ಷ ಕಂಪನಿಯ ಕೋತ್ ನನ್ನ ಕೈಯಲ್ಲಿತ್ತು. ಕೋತ್ ಅಂದರೆ ಆಯುಧ ಇಡುವ ಕೋಣೆ. ಪ್ರತಿ ರೈಫಲ್‌ಗೂ ಒಂದು ಬಟ್ ನಂಬರ್ ಇರುತ್ತದೆ. ಹೋದದ್ದಕ್ಕೆ ಸಹಿ, ಬಂದದ್ದಕ್ಕೆ ಸಹಿ. ಸಂಜೆ ಎಣಿಸಿ ಬೀಗ ಹಾಕಬೇಕು. ಒಂದು ಕಡಿಮೆ ಬಿದ್ದರೆ ಇಡೀ ಕಂಪನಿಗೆ ಊಟವಿಲ್ಲ. ಆ ರಿಜಿಸ್ಟರ್‌ನಲ್ಲಿ “ಬರಲಿದೆ” ಅನ್ನೋ ಕಾಲಂ ಇಲ್ಲ. ಕೋತ್‌ಗೆ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಪೇಪರ್ ಓದುವಾಗಲೂ ನನಗೆ ಅದೇ ಚಟ.

ವಹಿ ಹೇಗಿರಬೇಕು

ಕಿರಾಣಿ ಅಂಗಡಿಯವರು ಉದ್ರಿ ಬರೆಯುವ ಉದ್ದನೆಯ ವಹಿ ಇದೆಯಲ್ಲ, ಅದೇ ಸಾಕು. ನಾನು ಖಡೇಬಜಾರ್‌ನಲ್ಲಿ ತಂದೆ. ಒಂದು ಆಯುಧಕ್ಕೆ ಒಂದು ಖಾತೆ. ಐದು ಕಾಲಂ ಎಳೆಯಿರಿ: ಸುದ್ದಿ ಬಂದ ದಿನ, ಏನಾಯಿತು, ಎಷ್ಟು, ಯಾವಾಗ ಕೊಡುತ್ತೇವೆ ಅಂದರು, ತಡ ಯಾಕೆ.

ಮೂರು ಬರಹ ಸಾಮಾನು ಬೇಕು. ಪೆನ್ಸಿಲ್, ನೀಲಿ ಪೆನ್, ಕೆಂಪು ಪೆನ್. ಒಪ್ಪಂದಕ್ಕೆ ಸಹಿ ಬೀಳುವ ತನಕ ಏನೇ ಸುದ್ದಿ ಬಂದರೂ ಪೆನ್ಸಿಲ್. ಸಹಿ ಬಿದ್ದರೆ ನೀಲಿ. ಮಾಲು ಸೇನೆಯ ಕೈಗೆ ಬಂದು ಸಂಖ್ಯೆ ಗೊತ್ತಾದರೆ ಕೆಂಪು. ಶುರುವಿನಲ್ಲಿ ನಾನು ಎಲ್ಲವನ್ನೂ ನೀಲಿಯಲ್ಲೇ ಬರೆದೆ. ಆಮೇಲೆ ಪುಟದ ತುಂಬಾ ಗೀರು, ಕಾಟು. ಅದಕ್ಕೇ ಪೆನ್ಸಿಲ್.

ಮೊದಲು ಕ್ರಿಯಾಪದ ನೋಡಿ, ಆಮೇಲೆ ಅಂಕಿ

ನಮ್ಮ ಪೇಪರ್‌, ಟಿವಿಯವರಿಗೆ “ಆನೆಬಲ” ಅಂದ್ರೆ ಪ್ರೀತಿ. “ವಾಯುಪಡೆಗೆ ಆನೆಬಲ”, “ನೌಕಾಪಡೆಗೆ ಆನೆಬಲ”. ಆ ಪದ ಕಂಡ ಕೂಡಲೇ ತಲೆಬರಹ ಬಿಟ್ಟು ಕೆಳಗಿಳಿಯಿರಿ. ವಾಕ್ಯದ ಕೊನೆಯ ಕ್ರಿಯಾಪದ ಹುಡುಕಿ. ನಿಜವಾದ ಸುದ್ದಿ ಅಲ್ಲಿರುತ್ತದೆ.

“ಮುಂದಾಗಿದೆ”, “ಚಿಂತನೆ ನಡೆಸಿದೆ” ಅಂತಿದ್ದರೆ ಬಹುಶಃ ಆರ್‌ಎಫ್‌ಐ. ನಿಮ್ಮಲ್ಲಿ ಏನೇನಿದೆ ಅಂತ ಕಂಪನಿಗಳನ್ನು ವಿಚಾರಿಸಿದ್ದು, ಅಷ್ಟೇ. ವಹಿಗೆ ಏರಿಸಲೇಬೇಡಿ.

“ಒಪ್ಪಿಗೆ”, “ಅಸ್ತು”, “ಹಸಿರು ನಿಶಾನೆ” ಅಂತಿದ್ದರೆ ಜಾಸ್ತಿ ಸಲ ಅದು ಎಒಎನ್. ರಕ್ಷಣಾ ಮಂತ್ರಿ ಅಧ್ಯಕ್ಷತೆಯ ಖರೀದಿ ಮಂಡಳಿ, ಅಂದರೆ ಡಿಎಸಿ, “ಹೌದು, ಇದು ಬೇಕು” ಅಂತ ಒಪ್ಪಿದ್ದು. ಮನೆಯಲ್ಲಿ “ಈ ವರ್ಷ ಹುಡುಗನಿಗೆ ಲಗ್ನ ಮಾಡಿಬಿಡೋಣ” ಅಂತ ಮಾತಾಡಿಕೊಂಡ ಹಾಗೆ. ಹುಡುಗಿ ನೋಡಿಲ್ಲ, ಮಾತುಕತೆ ಆಗಿಲ್ಲ, ಮಂಟಪ ಬುಕ್ ಆಗಿಲ್ಲ. 2025ರ ಜುಲೈನಲ್ಲಿ ಡಿಎಸಿ ಸುಮಾರು 1.05 ಲಕ್ಷ ಕೋಟಿ ರೂಪಾಯಿಯ 10 ಪ್ರಸ್ತಾವಗಳಿಗೆ ಹೀಗೆ ಒಪ್ಪಿಗೆ ಕೊಟ್ಟಿತು. ಅಂಕಿ ನೋಡಿದರೆ ಎದೆ ಉಬ್ಬುತ್ತದೆ. ನನ್ನ ವಹಿಯಲ್ಲಿ ಅದು ಪೆನ್ಸಿಲ್. ಗೊತ್ತು ಮಾಡಿದ ಅವಧಿಯೊಳಗೆ ಟೆಂಡರ್ ಹೊರಡದಿದ್ದರೆ ಆ ಒಪ್ಪಿಗೆಯೇ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಕೇಳಬೇಕು.

ಇದಾದ ಮೇಲೆ ಆರ್‌ಎಫ್‌ಪಿ ಅನ್ನೋ ಟೆಂಡರ್, ಕಾಗದದ ಪರಿಶೀಲನೆ, ಮರಳುಗಾಡಿನಲ್ಲೂ ಹಿಮದಲ್ಲೂ ಟ್ರಯಲ್, ಬೆಲೆ ಚೌಕಾಸಿ, ದೊಡ್ಡ ಮೊತ್ತವಾದರೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿಯ (ಸಿಸಿಎಸ್) ಒಪ್ಪಿಗೆ. ಈ ಮೆಟ್ಟಿಲುಗಳ ಸುದ್ದಿ ಪೇಪರ್‌ಗೆ ಬರೋದೇ ಅಪರೂಪ. ವರ್ಷಗಳು ಕಳೆದುಹೋಗೋದು ಮಾತ್ರ ಇಲ್ಲೇ.

“ಯಶಸ್ವಿ ಪರೀಕ್ಷೆ”, “ಮೊದಲ ಹಾರಾಟ” ಕೂಡ ಪೆನ್ಸಿಲ್ಲೇ. ನಮ್ಮ ತೇಜಸ್ ಯುದ್ಧ ವಿಮಾನ ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು. ತೇಜಸ್‌ನ ಮೊದಲ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ಶುರುವಾದದ್ದು 2016ರ ಜುಲೈ 1ರಂದು. ನಡುವೆ ಹದಿನೈದೂವರೆ ವರ್ಷ.

ಸುದ್ದಿ ನಿಜವೋ ಅಂತ ನೋಡಲು ಪಿಐಬಿ ಪ್ರಕಟಣೆ ತೆಗೆಯಿರಿ. ಸರ್ಕಾರದ್ದೇ ಪ್ರಕಟಣೆ, ಹೊಗಳಿಕೆ ಇರುತ್ತದೆ. ಆದರೆ ಎಒಎನ್ ಆದರೆ ಎಒಎನ್ ಅಂತಲೇ, ಒಪ್ಪಂದವಾದರೆ ಒಪ್ಪಂದ ಅಂತಲೇ ಬರೆದಿರುತ್ತಾರೆ. ಟಿವಿಯಲ್ಲಿ ಎರಡೂ ಕಲಸಿಹೋಗಿರುತ್ತವೆ.

ರೈಫಲ್ ಖಾತೆ

ಒಂದು ಪುಟ ಪೂರ್ತಿ ತೋರಿಸುತ್ತೇನೆ. ನನಗೆ ಗೊತ್ತಿರುವುದು ರೈಫಲ್, ಹಾಗಾಗಿ ಅದನ್ನೇ.

ನನ್ನ ಕಾಲದ್ದು ಇನ್ಸಾಸ್, 5.56 ಮಿಮೀ. ಅದರ ಮ್ಯಾಗಜಿನ್ ನೋಡೋಕೆ ಚೆಂದ. ಪ್ಲಾಸ್ಟಿಕ್ಕು, ಒಳಗಿನ ಗುಂಡು ಹೊರಗಿನಿಂದಲೇ ಕಾಣುತ್ತದೆ. ಕಾಶ್ಮೀರದ ಚಳಿಯಲ್ಲಿ ಒಂದು ಬೆಳಗ್ಗೆ ಎಣಿಸುತ್ತಾ ಕೂತಿದ್ದೆ. ಒಂದರ ತುಟಿಯ ಹತ್ತಿರ ಬಿಳಿ ಗೆರೆ. ಕೂದಲು ಅಂಟಿದೆ ಅಂದುಕೊಂಡು ಉಗುರಿನಿಂದ ಕೆರೆದೆ. ಹೋಗಲಿಲ್ಲ, ಉಗುರಿಗೆ ತಾಕಿತು. ಬಿರುಕು. ಆ ಬಿರುಕು ಅಗಲವಾದರೆ ಗುಂಡು ಸರಿಯಾಗಿ ಮೇಲೆ ಬರುವುದಿಲ್ಲ, ರೈಫಲ್ ಜಾಮ್ ಆಗುತ್ತದೆ. ಅವತ್ತಿಂದ ಅಂಥವಕ್ಕೆ ಕೆಂಪು ದಾರ ಕಟ್ಟಿ ಬೇರೆ ಪೆಟ್ಟಿಗೆಗೆ ಹಾಕತೊಡಗಿದೆ. ಪೆಟ್ಟಿಗೆ ತುಂಬಲು ಜಾಸ್ತಿ ದಿನ ಹಿಡಿಯಲಿಲ್ಲ. ಇದು ನನ್ನ ಕೋತ್‌ನ ಕಥೆ ಮಾತ್ರ ಅಲ್ಲ. 1999ರ ಕಾರ್ಗಿಲ್ ಕಾಲದಿಂದಲೂ ಎಲ್ಲರಿಗೂ ಗೊತ್ತಿದ್ದ ದೂರು.

ಈಗ ಬದಲಿ ರೈಫಲ್‌ನ ಖಾತೆ ನೋಡಿ.

2011, ಪೆನ್ಸಿಲ್: ಹೊರದೇಶದ ರೈಫಲ್‌ಗೆ ಟೆಂಡರ್. ಒಂದೇ ರೈಫಲ್‌ಗೆ ಎರಡು ನಳಿಗೆ ಬೇಕು. ಇವತ್ತು 5.56, ನಾಳೆ ನಳಿಗೆ ಬದಲಿಸಿದರೆ 7.62. 2015: ಟ್ರಯಲ್‌ನಲ್ಲಿ ಯಾವುದೂ ಪಾಸಾಗದೆ ಟೆಂಡರ್ ರದ್ದು. ನಾಲ್ಕು ವರ್ಷ ರಬ್ಬರ್‌ನಿಂದ ಅಳಿಸಿದ ಹಾಗಾಯಿತು.

2019 ಫೆಬ್ರವರಿ, ನೀಲಿ: ತುರ್ತು ಖರೀದಿಯಲ್ಲಿ ಅಮೆರಿಕದಿಂದ 72,400 ಸಿಗ್ 716 ರೈಫಲ್. ಇದು ಬೇಗ ಕೈಗೆ ಬಂತು, ಕೆಂಪಾಯಿತು. 2024ರ ಆಗಸ್ಟ್‌ನಲ್ಲಿ ಇನ್ನೂ 73,000ಕ್ಕೆ ಸಹಿ.

2019 ಮಾರ್ಚ್, ಪೆನ್ಸಿಲ್: ಕೋರ್ವಾ ಉದ್ಘಾಟನೆ. ನಮ್ಮ ಹುಡುಗ ಓಡಿ ಬಂದ ದಿನ. 2021 ಡಿಸೆಂಬರ್, ನೀಲಿ: 6,01,427 ಎಕೆ-203ಕ್ಕೆ ಒಪ್ಪಂದ. ಉದ್ಘಾಟನೆಗೂ ಸಹಿಗೂ ನಡುವೆ 33 ತಿಂಗಳು. ರಿಬ್ಬನ್ ಮೊದಲು ಕತ್ತರಿಸಿ ಬೆಲೆ ಆಮೇಲೆ ಕೂಡಿಸಿದ ಲೆಕ್ಕ ಇದು. 2024 ಜುಲೈ, ಕೆಂಪು: 35,000 ಸೇನೆಗೆ ಹಸ್ತಾಂತರ.

ಕೊನೆಯ ಸಾಲನ್ನು ಅದರ ಹಿಂದಿನ ನೀಲಿ ಸಾಲಿನ ಪಕ್ಕದಲ್ಲಿಟ್ಟು ನೋಡಿ. ಆರು ಲಕ್ಷದಲ್ಲಿ ಮೂವತ್ತೈದು ಸಾವಿರ. ಹುಡುಗನಿಗೆ ಹೇಳಿದೆ, “ಚರ್ಚೆಯಲ್ಲಿ ಆರು ಲಕ್ಷ ಅನ್ನಬೇಡ, ಮೂವತ್ತೈದು ಸಾವಿರ ಅನ್ನಬೇಡ. ಎರಡನ್ನೂ ತಾರೀಖು ಹಾಕಿ ಹೇಳು.”

ಐದನೇ ಕಾಲಂ: ತಡ ಯಾಕೆ

ಇದೇ ಕಷ್ಟದ ಕಾಲಂ. “ಎಲ್ಲಾ ಲಂಚಾರೀ” ಅಂತ ಬರೆದು ಮುಗಿಸೋದು ಸುಲಭ. ನಾನು ಪ್ರತಿ ಕಾರಣಕ್ಕೂ ಒಂದು ಅಕ್ಷರ ಇಟ್ಟಿದ್ದೇನೆ.

“ಗು” ಅಂದರೆ ಗುಣಲಕ್ಷಣ. ಸೇನೆಯೇ ಕೇಳಬಾರದ್ದನ್ನು ಕೇಳಿದ್ದು. ಮತ್ತೆ ಲಗ್ನದ ಮಾತಿಗೇ ಬರುತ್ತೇನೆ: ಹುಡುಗಿ ಡಾಕ್ಟರ್ ಇರಬೇಕು, ಹೊಲದ ಕಳೆಯನ್ನೂ ತೆಗೀಬೇಕು, ಓಣಿಯಿಂದ ಆಚೆ ಮನೆ ಇರಬಾರದು. ಎರಡು ನಳಿಗೆಯ ರೈಫಲ್ ಇದೇ ಜಾತಿ. ಆಗ ರಕ್ಷಣಾ ಮಂತ್ರಿಯಾಗಿದ್ದ, ನಮ್ಮ ಪಕ್ಕದ ಗೋವಾದ ಮನೋಹರ ಪರ್ರೀಕರ್, ಕೆಲವು ಬೇಡಿಕೆಗಳು ಕಾಮಿಕ್ ಪುಸ್ತಕದಿಂದ ಎತ್ತಿದಂತಿವೆ ಅಂತ ಬಹಿರಂಗವಾಗಿಯೇ ಅಂದಿದ್ದರು. ನಾನೂ ಸೇನೆಯವನೇ. ಆದರೂ ಇಲ್ಲಿ ಅವರ ಮಾತೇ ಸರಿ.

“ಹ” ಅಂದರೆ ಹಗರಣ. ಬೊಫೋರ್ಸ್ ಖಾತೆಯಲ್ಲಿ ಈ ಅಕ್ಷರ ದಪ್ಪಗಿದೆ. 1986ರ ಮಾರ್ಚ್‌ನಲ್ಲಿ ಸ್ವೀಡನ್‌ನ 410 ತೋಪುಗಳಿಗೆ ಸಹಿ. 1987ರ ಏಪ್ರಿಲ್‌ನಲ್ಲಿ ಲಂಚದ ಸುದ್ದಿ ಸ್ವೀಡನ್ ರೇಡಿಯೋದಲ್ಲಿ ಬಂತು. ತೋಪು ಮಾತ್ರ ಒಳ್ಳೆಯದೇ. ಕಾರ್ಗಿಲ್‌ನಲ್ಲಿ ಅದರ ಸದ್ದು ಕೇಳಿದ ಪದಾತಿಯವನನ್ನು ಕೇಳಿ, ಹೇಳುತ್ತಾನೆ. ಆದರೆ ಅದರ ನಂತರ ಹೊಸ 155 ಮಿಮೀ ತೋಪಿಗೆ ಸಹಿ ಬಿದ್ದದ್ದು 2016ರ ನವೆಂಬರ್‌ನಲ್ಲಿ, ಅಮೆರಿಕದ 145 ಎಂ-777ಗೆ. ಮೂವತ್ತು ವರ್ಷ ಆ ಖಾತೆಯಲ್ಲಿ ಒಂದು ನೀಲಿ ಸಾಲಿಲ್ಲ. ನಡುವೆ 2012ರಲ್ಲಿ ಆರು ಕಂಪನಿಗಳನ್ನು 10 ವರ್ಷ ಕಪ್ಪುಪಟ್ಟಿಗೆ ಹಾಕಿದರು. ಅದರಲ್ಲಿ ತೋಪಿನ ರೇಸ್‌ನಲ್ಲಿದ್ದವರೂ ಇದ್ದರು. ತಿಂದವನಿಗೆ ಶಿಕ್ಷೆ ಆಗಲೇಬೇಕು. ಆದರೆ ಕಳ್ಳ ಸಿಗದಿದ್ದಾಗ ಅಂಗಡಿಗೇ ಬೀಗ ಹಾಕಿದರೆ ಸಂತೆಗೆ ಬಂದವನು ಏನು ತಗೊಂಡು ಮನೆಗೆ ಹೋಗಬೇಕು?

“ಒ” ಅಂದರೆ ಒಬ್ಬನೇ ಉಳಿದ. ಟ್ರಯಲ್‌ನಲ್ಲಿ ನಾಲ್ವರಲ್ಲಿ ಮೂವರು ಬಿದ್ದು ಒಬ್ಬನೇ ಪಾಸಾದರೆ ನಮಗೆ ಖುಷಿ. ಕಚೇರಿಯಲ್ಲಿ ಭಯ. ಹೋಲಿಸಲು ಎರಡನೇ ಬೆಲೆ ಇಲ್ಲ. ಅವನಿಗೇ ಕೊಟ್ಟರೆ ನಾಳೆ ತನಿಖೆ ಬಂದೀತು. ಬೊಫೋರ್ಸ್ ನೆನಪಿರುವ ಯಾವ ಅಧಿಕಾರಿ ಸಹಿ ಹಾಕುತ್ತಾನೆ? ಫೈಲ್ ನಿಲ್ಲುತ್ತದೆ.

“ಬಿ” ಅಂದರೆ ಬಿಡಿಭಾಗ. ಬೊಫೋರ್ಸ್ ಜೊತೆಗೇ ಬಂದ ನಕ್ಷೆಗಳು ಎಷ್ಟೋ ವರ್ಷ ಸುಮ್ನೆ ಬಿದ್ದಿದ್ದವು. ಕೊನೆಗೆ ಅವುಗಳ ಆಧಾರದ ಮೇಲೆ ನಮ್ಮವರೇ ಧನುಷ್ ತೋಪು ಮಾಡಿದರು. 114ಕ್ಕೆ ಆರ್ಡರ್, ಮೊದಲ ಆರು ಕೈಗೆ ಬಂದದ್ದು 2019ರ ಏಪ್ರಿಲ್. ಅದಕ್ಕೆ ಮುಂಚೆ, 2017ರಲ್ಲಿ, ಚೀನಾದ ಬೇರಿಂಗ್‌ಗಳನ್ನು “ಮೇಡ್ ಇನ್ ಜರ್ಮನಿ” ಅಂತ ಹೇಳಿ ಈ ತೋಪಿಗೆ ಪೂರೈಸಿದ ಆರೋಪದ ಮೇಲೆ ಸಿಬಿಐ ಕೇಸು ದಾಖಲಿಸಿತು. ಒಂದು ತೋಪಿನಲ್ಲಿ ಬೇರಿಂಗ್ ಅಷ್ಟು ದೊಡ್ಡ ವಿಷಯವಾ ಅಂತ ನನಗೆ ಅನುಮಾನ. ಉದ್ಯಮಬಾಗ್‌ನಲ್ಲಿ ನಮ್ಮ ಭಾವನ ಲೇಥ್ ಶಾಪ್ ಇದೆ, ಹೋಗಿ ಕೇಳಿದೆ. ಭಾವ ಮಾತಾಡಲಿಲ್ಲ. ಗಲ್ಲಾದಿಂದ ಎರಡು ಬೇರಿಂಗ್ ತೆಗೆದ. ಎಣ್ಣೆ ಒರೆಸಿ, ಒಂದೊಂದನ್ನೇ ಬೆರಳಿಗೆ ಸಿಕ್ಕಿಸಿ ತಿರುಗಿಸಿ ನನ್ನ ಕಿವಿ ಹತ್ತಿರ ಹಿಡಿದ. ಒಂದು ಸದ್ದಿಲ್ಲದೆ ಜಾರಿತು. ಇನ್ನೊಂದು ಬೀಸುವ ಕಲ್ಲಿಗೆ ಉಸುಕು ಬಿದ್ದ ಹಾಗೆ ಕರ್ ಅಂದಿತು. “ಎರಡೂ ಡಬ್ಬಿ ಮ್ಯಾಲೆ ಒಂದ ಹೆಸರು ಐತಿ ನೋಡು” ಅಂದ.

ತೇಜಸ್ ಖಾತೆಯಲ್ಲೂ ಈಗ “ಬಿ” ಇದೆ. 2021ರ ಫೆಬ್ರವರಿಯಲ್ಲಿ 83 ಮಾರ್ಕ್-1ಎ ವಿಮಾನಗಳಿಗೆ ಸಹಿ, ಸುಮಾರು 48,000 ಕೋಟಿ ರೂಪಾಯಿ. ಮೊದಲನೆಯದು 2024ರ ಮಾರ್ಚ್‌ಗೆ ಬರಬೇಕಿತ್ತು. ವಿಮಾನ ನಮ್ಮ ಬೆಂಗಳೂರಿನದ್ದು, ಎಂಜಿನ್ ಅಮೆರಿಕದ್ದು. ಆ ಆರ್ಡರ್‌ನ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿಯ ಒಪ್ಪಂದವಾಯಿತು. ಮರುದಿನವೇ ಚಂಡೀಗಢದಲ್ಲಿ ಮಿಗ್-21ಗೆ ವಿದಾಯ. ವಾಯುಪಡೆಗೆ ಮಂಜೂರಾದದ್ದು 42 ಸ್ಕ್ವಾಡ್ರನ್, ಉಳಿದದ್ದು 29. ಸಮಯಕ್ಕೆ ಮುಗಿದ ಒಂದು ಯೋಜನೆಯೂ ತಮಗೆ ನೆನಪಾಗುತ್ತಿಲ್ಲ ಅಂತ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ 2025ರ ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿದರು. ಸೇವೆಯಲ್ಲಿರುವ ಮುಖ್ಯಸ್ಥರ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಕಡಿಮೆ.

“ಬೆ” ಬೆಲೆ, “ದು” ದುಡ್ಡು. ಬೆಲೆ ಕೂಡಲಿಲ್ಲ ಅನ್ನೋದು ಬೇರೆ, ಖಜಾನೆಯಲ್ಲಿ ಇಲ್ಲ ಅನ್ನೋದು ಬೇರೆ. ಎರಡನ್ನೂ ಕಲಸಬೇಡಿ.

ಎಲ್ಲಾ ತಡವನ್ನೂ ಬೈಯಬೇಡಿ. ಬುಲೆಟ್‌ಪ್ರೂಫ್ ಜಾಕೆಟ್ ಖಾತೆ ನೋಡಿ. 1,86,138 ಜಾಕೆಟ್‌ಗೆ 2009ರಲ್ಲೇ ಒಪ್ಪಿಗೆ, ಸಹಿ ಬಿದ್ದದ್ದು 2018ರ ಏಪ್ರಿಲ್‌ನಲ್ಲಿ. ಒಂಬತ್ತು ವರ್ಷ. ನನಗೂ ಆ ಕಾಲದಲ್ಲಿ ಸಿಟ್ಟು ಬರುತ್ತಿತ್ತು. ತಲೆಗೆ ನಾವು ಕಟ್ಟುತ್ತಿದ್ದದ್ದು ಪಟ್ಕಾ. ಹಣೆಗೆ ಒಂದು ಉಕ್ಕಿನ ತಟ್ಟೆ, ಹಿಂದೆ ಒಂದು ತಟ್ಟೆ. ಕಿವಿ ಕಡೆ, ನೆತ್ತಿಯ ಮೇಲೆ ಬರೀ ಬಟ್ಟೆ. ಕತ್ತು ಬಗ್ಗಿಸಿದರೆ ಮುಂದಿನದು ಕಣ್ಣಿಗೆ ಜಾರುತ್ತಿತ್ತು. ಆದರೂ ಒಂದು ಮಾತು: ನಡುವೆ ಬಂದ ಜಾಕೆಟ್‌ಗಳು ಗುಂಡಿನ ಪರೀಕ್ಷೆಯಲ್ಲಿ ಬಿದ್ದವು. ಬಿದ್ದದ್ದನ್ನು ವಾಪಸ್ ಕಳಿಸಿದವನ ಮೇಲೆ ನನಗೆ ಸಿಟ್ಟಿಲ್ಲ. ಮತ್ತೆ ಟೆಂಡರ್ ಕರೆಯಲು ವರ್ಷಗಟ್ಟಲೆ ಕೂತವನ ಮೇಲೆ ಇದೆ. ವಹಿಯಲ್ಲಿ ಈ ಎರಡಕ್ಕೂ ಬೇರೆ ಸಾಲು ಕೊಡಿ.

ಸಮಯಕ್ಕೆ ಬಂದದ್ದನ್ನೂ ಬರೆಯಬೇಕು, ಇಲ್ಲಾಂದ್ರೆ ವಹಿ ಸುಳ್ಳಾಗುತ್ತದೆ. ಕೆ-9 ವಜ್ರ ತೋಪು: 2017ರಲ್ಲಿ 100ಕ್ಕೆ ಸಹಿ, 2021ರ ಫೆಬ್ರವರಿಗೆ ನೂರನೆಯದೂ ಕೈಗೆ. ಕೊರಿಯಾದಲ್ಲಿ ಓಡಾಡುತ್ತಿದ್ದ ತೋಪನ್ನೇ ಚೂರು ಬದಲಿಸಿ ಗುಜರಾತಿನ ಹಜೀರಾದಲ್ಲಿ ಕಟ್ಟಿದರು. ನಡುವೆ ಯಾರೂ ಬೇಡಿಕೆ ಪಟ್ಟಿಗೆ ಹೊಸ ಸಾಲು ಸೇರಿಸಲಿಲ್ಲ.

ದುಡ್ಡಿನ ಪುಟ

ವಹಿಯ ಹಿಂದಿನಿಂದ ಶುರು ಮಾಡಿ ವರ್ಷಕ್ಕೊಂದು ಪುಟ ಬಜೆಟ್‌ಗೆ ಕೊಡಿ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಇದೇ ತಲೆಬರಹ. ನಿಮಗೆ ಬೇಕಾದದ್ದು ಕ್ಯಾಪಿಟಲ್, ಅಂದರೆ ಬಂಡವಾಳ ವೆಚ್ಚ, ಅನ್ನೋ ಸಾಲು: 1.80 ಲಕ್ಷ ಕೋಟಿ. ಅದರಲ್ಲೂ ಆಧುನೀಕರಣಕ್ಕೆ ಸುಮಾರು 1.48 ಲಕ್ಷ ಕೋಟಿ. ಪಿಂಚಣಿಗೆ 1.60 ಲಕ್ಷ ಕೋಟಿ. ಹೌದು, ಹೊಸ ಆಯುಧಕ್ಕಿಂತ ನಮ್ಮಂಥವರ ಪಿಂಚಣಿಯೇ ಜಾಸ್ತಿ. ತಿಂಗಳ ಮೊದಲಿಗೆ ಬ್ಯಾಂಕ್ ಮೆಸೇಜ್ ಬಂದಾಗ ನಾನು ಈ ಸಾಲು ನೆನಪಿಸಿಕೊಳ್ಳಲು ಹೋಗುವುದಿಲ್ಲ.

ಇಟ್ಟ ದುಡ್ಡು ಖರ್ಚಾಯಿತಾ ಅಂತ ಮುಂದಿನ ಫೆಬ್ರವರಿಯಲ್ಲಿ ಪರಿಷ್ಕೃತ ಅಂದಾಜು ನೋಡಿ. 2024-25ಕ್ಕೆ ಕ್ಯಾಪಿಟಲ್ 1.72 ಲಕ್ಷ ಕೋಟಿ ಇಟ್ಟಿದ್ದರು, ಆಮೇಲೆ ಅದನ್ನು 1.595 ಲಕ್ಷ ಕೋಟಿಗೆ ಇಳಿಸಿದರು. ದುಡ್ಡು ಇಲ್ಲದೆ ತಡವಾಗುವುದು ಒಂದು. ಒಪ್ಪಂದ ತಡವಾಗಿ ದುಡ್ಡು ಉಳಿಯುವುದು ಇನ್ನೊಂದು. 2018ರಲ್ಲಿ ಸೇನೆಯ ಉಪಮುಖ್ಯಸ್ಥರಾಗಿದ್ದ ಶರತ್ ಚಂದ್ ಸಂಸದೀಯ ಸಮಿತಿಗೆ ಹೇಳಿದ ಲೆಕ್ಕವನ್ನೂ ಇದೇ ಪುಟದಲ್ಲಿ ಅಂಟಿಸಿದ್ದೇನೆ: ಸಲಕರಣೆಯಲ್ಲಿ 68% ಹಳೇ ಕಾಲದ್ದು, 24% ಈಗಿನದು, 8% ಮಾತ್ರ ತೀರಾ ಹೊಸದು. ಆ ವರ್ಷವೇ ನಾನು ನಿವೃತ್ತನಾದದ್ದು. ನನ್ನ ಕೋತ್ ಆ 68ರಲ್ಲಿತ್ತು.

ಬರೆಯಬಾರದ್ದು

ನಮ್ಮ ಜಿಲ್ಲೆಯಲ್ಲಿ ಓಣಿಗೊಬ್ಬ ಫೌಜಿ ಇದ್ದಾನೆ. ಗೋಕಾಕ, ಖಾನಾಪುರ, ಚಿಕ್ಕೋಡಿ, ಎಲ್ಲಿ ಹೋದರೂ ರಜೆಗೆ ಬಂದವನೊಬ್ಬ ಸಿಗುತ್ತಾನೆ. ಅವನನ್ನು ಕೂರಿಸಿಕೊಂಡು “ನಿಮ್ಮ ಪಲ್ಟಣಕ್ಕೆ ಹೊಸ ರೈಫಲ್ ಬಂತಾ, ಎಷ್ಟು ಬಂತು, ಈಗ ಎಲ್ಲಿದ್ದೀರಿ” ಅಂತ ಕೇಳಬೇಡಿ. ಅವನು ಹೇಳಿದರೂ ಬರೆಯಬೇಡಿ. ವಹಿಯಲ್ಲಿ ಇರಬೇಕಾದದ್ದು ಪಿಐಬಿ, ಲೋಕಸಭೆಯ ಉತ್ತರ, ಸಿಎಜಿ ವರದಿ, ಸಮಿತಿ ವರದಿ, ಪೇಪರ್. ಅಷ್ಟೇ. ನನ್ನ ಹಳೇ ಪಲ್ಟಣದ ಹುಡುಗರು ಫೋನ್ ಮಾಡುತ್ತಾರೆ. ಮಳೆ, ಬೆಳೆ, ಮಕ್ಕಳ ಫೀಸು ಮಾತಾಡುತ್ತೇವೆ. ರೈಫಲ್ ಮಾತು ಎತ್ತುವುದಿಲ್ಲ.

ಪುಟ ಎಷ್ಟು ಬಿಡಬೇಕು

ಹುಡುಗ ಇದನ್ನೇ ಕೊನೆಗೆ ಕೇಳಿದ. ರೈಫಲ್‌ಗೆ ನಾಲ್ಕು ಪುಟ ಬಿಡಿ. ತೋಪಿಗೆ ಆರು. ಅರ್ಜುನ್ ಟ್ಯಾಂಕ್ 1974ರಲ್ಲಿ ಶುರುವಾದ ಯೋಜನೆ, ಅದಕ್ಕೆ ಎಂಟು. ತೇಜಸ್‌ಗೆ 1983ರಲ್ಲಿ ಮಂಜೂರಾತಿ ಸಿಕ್ಕಿದ್ದು. ನಾನು ತಿಳಿಯದೆ ಅದಕ್ಕೂ ನಾಲ್ಕೇ ಬಿಟ್ಟಿದ್ದೆ. ಅದು ತುಂಬಿ, ಪಕ್ಕದ ಹೆಲಿಕಾಪ್ಟರ್ ಖಾತೆಗೆ ನುಗ್ಗಿ, ಈಗ ಎರಡೂ ಕಲಸಿ ಕೂತಿವೆ. ಹೋದ ವಾರ ಖಡೇಬಜಾರ್‌ಗೆ ಹೋಗಿ ಅದಕ್ಕೇ ಅಂತ ಇನ್ನೊಂದು ವಹಿ ತಂದೆ. ಅಂಗಡಿಯವನು “ಉದ್ರಿ ಜಾಸ್ತಿ ಆತೇನ್ರೀ?” ಅಂತ ಕೇಳಿದ.